ದಿಬ್ಬಣದ ಕಾರಿನಲ್ಲಿ ಹುಲ್ಲಿನ ಬುಡ

ಮೇಳಿಗೆಯಲ್ಲಿ ಮಗನ ಮದುವೆ ಮುಗಿಸಿ ಆನಂದಪುರಕ್ಕೆ ಹೊರಡುವಾಗ, ಹೊಸ ಸೊಸೆ ಮಣ್ಣು ಮೆತ್ತಿದ ಗೋಣಿಚೀಲವೊಂದನ್ನು ಕಾರಿಗೆ ಹಾಕಿಸಿದಳು.

“ಇದೆಂತದು ಮಾರಾಯ್ತಿ?” ಎಂದೆ.

“ಗಿನಿ ಹುಲ್ಲಿನ ಬುಡ ಅತ್ತೆ. ಬೇಸಿಗೇಲಿ ನಿಮ್ಮ ಗೌರಿ ಹಸೂಗೆ ಹಸಿ ಹುಲ್ಲೇ ಸಿಗಲ್ಲ ಅಂದಿದ್ರಲ್ಲ. ಇದು ಒಂದ್ಸಲ ಬೇರು ಹಿಡಿದ್ರೆ ನೀರಿಲ್ದಿದ್ರೂ ತಡ್ಕೊಳ್ತದೆ.”

ದಿಬ್ಬಣದವರೆಲ್ಲ ನಕ್ಕರು.

ಮಳೆ ಹಿಡಿದ ಮೇಲೆ ಹಿತ್ತಲ ಇಳಿಜಾರಿನಲ್ಲಿ ನಾನೂ ಸೊಸೆಯೂ ಸೇರಿ ನೆಟ್ಟೆವು. ಈ ಏಪ್ರಿಲ್‌ನಲ್ಲಿ ಬಾವಿಯ ತಳ ಕಂಡಿತು. ಹುಲ್ಲಿಗೆ ಒಂದು ಕೊಡ ನೀರನ್ನೂ ಹಾಕಲಾಗಲಿಲ್ಲ. ದನ ಮೇಯುವ ಸುತ್ತಲಿನ ಬ್ಯಾಣದ ಹುಲ್ಲೆಲ್ಲ ಒಣಗಿ ಹೋಯಿತು. ಗಿನಿ ಹುಲ್ಲಿನ ತುದಿ ಬಾಡಿದರೂ ಬುಡ ಹಸಿರಾಗಿಯೇ ಇತ್ತು. ಸೊಸೆ ದಿನಾ ಅದನ್ನೇ ಒಂದಿಷ್ಟು ಕೊಯ್ದು ಗೌರಿಗೆ ಹಾಕಿದಳು.

ಈಗ ನಾನು ಕರೆದರೆ ಗೌರಿ ಕಿವಿಯನ್ನೂ ಆಡಿಸುವುದಿಲ್ಲ. ಸೊಸೆಯ ಬಳೆ ಸದ್ದು ಕೇಳಿದರೆ ಸಾಕು, ‘ಅಂಬಾ’ ಎನ್ನುತ್ತಾಳೆ. ಕೇಳಿ ನನಗೆ ಖುಷಿಯೋ ಖುಷಿ.