ಮಾವನ ಗಾಲಿಮನೆಗೆ ಎಂಥಾ ಕವರು?

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ.

ಹೋದ ವಾರ ಒಂದಷ್ಟು ಹೊತ್ತು ನಾನು ಇನ್ಶೂರೆನ್ಸ್ ಏಜೆಂಟ್ ಆಗಿದ್ದೆ. ಲೈಸೆನ್ಸ್ ಇಲ್ಲ, ಆಫೀಸ್ ಇಲ್ಲ, ಕೂರಲು ಕುರ್ಚಿಯೂ ಇಲ್ಲ. ಮಸ್ಕಿ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯ ಕಟ್ಟೆ ಮೇಲೆ ಕೂತು, ಗೆಳೆಯನ ಮೊಬೈಲ್ ಇಸಿದುಕೊಂಡು, ಲಿಂಗಸೂಗೂರಿನ ಏಜೆಂಟ್ ಮಹಬೂಬ್ ಭಾಯ್ ಅವರ ದನಿಯಲ್ಲಿ ನನ್ನ ಸ್ವಂತ ಸೋದರಮಾವನಿಗೆ ಫೋನ್ ಹಚ್ಚಿದೆ. ಮಾವ ನಂಬಿಬಿಟ್ಟರು.

ಎಲ್ಲಾ ತಾಪತ್ರಯ ಶುರುವಾಗಿದ್ದು ಅಲ್ಲಿಂದಲೇ.

ನನ್ನ ಚಟ ನಿಮಗೆ ಗೊತ್ತೇ ಇದೆ. ಬಸ್ ಕಂಡಕ್ಟರ್, ಲಗ್ನದ ಮನೆಯಲ್ಲಿ ಮೈಕ್ ಸಿಕ್ಕರೆ ಬಿಡದ ಹಿರಿಯರು, ನೆಟ್‌ವರ್ಕ್ ಸಿಗದೆ 'ಹಲೋ ಹಲೋ' ಎಂದು ಕಾಲುವೆ ಏರಿ ಹತ್ತುವವರು... ಯಾರ ದನಿಯನ್ನೂ ಬಿಟ್ಟವನಲ್ಲ ನಾನು. ನನ್ನದೇ ದನಿಯನ್ನೂ ಮಾಡಿ ತೋರಿಸುತ್ತೇನೆ. (ಮೂಗಿನೊಳಗೆ ನೊಣ ಹೊಕ್ಕ ಹಾಗಿರುತ್ತದೆ, ಅಷ್ಟೇ.) ಊರೆಲ್ಲ ನಗುತ್ತದೆ. ನಮ್ಮ ತುರ್ವಿಹಾಳದ ಪಂಪಣ್ಣ ಮಾವ ಮಾತ್ರ ಒಂದು ದಿನವೂ ನಕ್ಕವರಲ್ಲ. "ಒಂದೂ ಹೊಂದಂಗಿಲ್ಲಲೇ ಅಮರ್ಯಾ. ಎಲ್ಲಾರ ದನೀನೂ ನಿಂದ ಇದ್ದಂಗ ಕೇಳತೈತಿ" ಎಂದು ಎದ್ದು ಹೋಗುತ್ತಾರೆ. ಕಲಾವಿದನ ಹೊಟ್ಟೆ ಉರಿಯದೆ ಇರುತ್ತದೆಯೇ?

ಈಗ ಮಾವನ ಗಾಡಿ ಕಥೆ ಕೇಳಿ. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಈ ಮನುಷ್ಯ ಇತ್ತೀಚೆಗೆ ಹೈದರಾಬಾದ್‌ನಿಂದ ಸೆಕೆಂಡ್ ಹ್ಯಾಂಡ್ ಟ್ರೇಲರ್ ಒಂದನ್ನು ತಂದರು. ಟ್ರ್ಯಾಕ್ಟರ್ ಟ್ರೇಲರ್ ಅಲ್ಲ ಸ್ವಾಮಿ, ಜೀಪಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಮನೆ! ಒಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್ಜು, ಕಿಟಕಿಗೆ ಹೂವಿನ ಪರದೆ, ಮೂಲೆಯಲ್ಲಿ ಕಮೋಡು. ಸಿಂಧನೂರಿನಲ್ಲಿ ಒಂದು ಕಡೆ ನಿಲ್ಲಿಸಿದಾಗ ಯಾರೋ ಬಂದು ಕುಲ್ಫಿ ಕೇಳಿದರಂತೆ. ತುರ್ವಿಹಾಳಕ್ಕೆ ಬಂದಾಗ ಪಕ್ಕದ ಹೊಲದವರು ಸುತ್ತ ಒಂದು ರೌಂಡ್ ಹಾಕಿ ಗಂಭೀರವಾಗಿ ಕೇಳಿದರು: "ಇದರಾಗ ನೆಲ್ಲು ಎಷ್ಟು ಚೀಲ ಹಿಡೀತೈತ್ರಿ?"

ನಗಬೇಡಿ. ಗಾಡಿ ಬಂದದ್ದು ನೀಲಮ್ಮ ಅತ್ತೆಗಾಗಿ.

ಅತ್ತೆಗೆ ಮಂಡಿನೋವು. ಬಸ್ಸಿನ ಸೀಟಿನಲ್ಲಿ ಕಾಲು ಮಡಚಿ ಕೂತರೆ ಇಳಿಸಲು ಇಬ್ಬರು ಬೇಕು. ಹೊರಗೆಲ್ಲಾದರೂ ಹೋದರೆ ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಅವರ ಕೈಲಾಗದು. ಹಾಗಾಗಿ ಎಷ್ಟೋ ವರ್ಷಗಳಿಂದ ಸಿಂಧನೂರಿನ ದವಾಖಾನೆ ಬಿಟ್ಟು ಬೇರೆ ಊರು ಕಂಡಿಲ್ಲ. ಅವರದೊಂದೇ ಆಸೆ, ಕಾರವಾರಕ್ಕೆ ಹೋಗಬೇಕು. ಯಾಕೆ ಅಂದರೆ, "ಕಾಲುವಿ ನೀರು ನೋಡಿ ನೋಡಿ ಸಾಕಾಗೈತಿ. ಆಕಡೀ ದಂಡಿ ಕಾಣದ ನೀರು ಹೆಂಗಿರತೈತಿ, ಒಮ್ಮೆ ನೋಡಬೇಕು" ಅಂತಾರೆ. ಮಂಚದ ಮೇಲೆ ಕಾಲು ಚಾಚಿ ಮಲಗಿಯೇ ಕಾರವಾರ ತಲುಪಬೇಕು ಎಂಬುದು ಮಾವನ ಪ್ಲಾನು. ಮಾವ ಎಂದೂ ಬಾಯಿಬಿಟ್ಟು 'ನಿನ್ನ ಸಲುವಾಗಿ' ಎಂದು ಹೇಳುವ ಪೈಕಿ ಅಲ್ಲ. ಬದಲಿಗೆ ಒಂದು ಮನೆಯನ್ನೇ ಎಳೆದು ತಂದರು.

ಅಲ್ಲಿಗೆ ಬಂತು ನೋಡಿ, ಇನ್ಶೂರೆನ್ಸ್.

ಜೀಪಿಗೆ ಇತ್ತು. ಹಿಂದಿನ ಮನೆಗೆ? ಅದು ಗಾಡಿಯೋ ಮನೆಯೋ ಎಂಬುದೇ ಮಾವನಿಗೆ ಇತ್ಯರ್ಥವಾಗಿರಲಿಲ್ಲ. ನನ್ನ ಸ್ಕೂಟರಿಗೆ ಪಾಲಿಸಿ ಮಾಡಿಕೊಟ್ಟ ಮಹಬೂಬ್ ಭಾಯ್ ಹೆಸರನ್ನು ನಾನೇ ಹೇಳಿದ್ದು. (ಆ ಪಾಲಿಸಿಯ ಕಾಗದ ಎಲ್ಲಿದೆ ಎಂದು ಕೇಳಬೇಡಿ. ಸ್ಪಾರ್ಕ್ ಪ್ಲಗ್ ಒರೆಸಲು ಏನಾದರೂ ಬೇಕಾಗುತ್ತದಲ್ಲ.) ಭಾಯ್ ಫೋನಿನಲ್ಲಿ ಥರ್ಡ್ ಪಾರ್ಟಿ, ಓನ್ ಡ್ಯಾಮೇಜ್, ಅದಕ್ಕೆ ಕವರ್ ಇದೆ, ಇದಕ್ಕೆ ಕವರ್ ಇಲ್ಲ ಎಂದೆಲ್ಲ ಬಿಡಿಸಿ ಹೇಳಿದ್ದರಂತೆ. ಮಾವ ಅದರಲ್ಲಿ ಹಿಡಿದುಕೊಂಡದ್ದು ಒಂದೇ ಶಬ್ದ: ಕವರ್.

ನಮ್ಮಲ್ಲಿ ಕವರ್ ಅಂದರೆ ಏನು? ಕಿರಾಣಿ ಅಂಗಡಿಯವನು ಕೊಡುವ ಪ್ಲಾಸ್ಟಿಕ್ ಚೀಲ. ಬೆಲ್ಲ ಹಾಕಿ, ಸೋಪು ಹಾಕಿ, ಮೇಲೆ ಎರಡು ಮೊಟ್ಟೆ ಇಡಿ, ಹಿಡಿಸುತ್ತದೆ. ಸಣ್ಣದಾಯಿತೇ? ದೊಡ್ಡ ಕವರ್ ಕೇಳಿ. ಮಾವನ ತಲೆಯಲ್ಲಿ ಇನ್ಶೂರೆನ್ಸ್ ಕೂಡ ಅಂಥದ್ದೇ ಒಂದು ಚೀಲ.

ಇಂಥ ಮನುಷ್ಯನಿಗೆ ನಾನು ಫೋನ್ ಹಚ್ಚಿದೆ. ಮಾವನ ಮೊಬೈಲಿನಲ್ಲಿ ಯಾವ ನಂಬರಿಗೂ ಹೆಸರಿಲ್ಲ, ಎಲ್ಲವೂ ಅನಾಥ. ನಾನು ಗಂಟಲನ್ನು ಸ್ವಲ್ಪ ದಪ್ಪ ಮಾಡಿ, "ಸಲಾಂ ಸಾವ್ಕಾರ್ರ, ಮಹಬೂಬ್ ಮಾತಾಡಾಕತ್ತೀನ್ರಿ" ಎಂದೆ. ತಕ್ಷಣ ಗುರುತು ಹಿಡಿದು ಬೈಯುತ್ತಾರೆ ಅಂದುಕೊಂಡಿದ್ದೆ. ಮಾವ ಮರ್ಯಾದೆಯಿಂದ ಕೇಳಿದರು:

"ಭಾಯ್, ನಮ್ಮಾಕಿ ಹಿಂದ ಟ್ರೇಲರ್‌ನ್ಯಾಗ ಮಲಕೊಂಡು ಬಂದ್ರ ನಡೀತೈತೇನ್ರಿ?"

ನನ್ನ ನಾಲಿಗೆಗೆ ಲಗಾಮು ಎಲ್ಲಿದೆ? "ಅರೇ, ಅದರಾಗ ಕೇಳೋದೇನೈತ್ರಿ? ಭಾಭಿ ಮಲಗಲಿ, ಕೂಡಲಿ, ಬೇಕಾದ್ರ ರೊಟ್ಟಿ ಬಡೀಲಿ. ಫುಲ್ ಕವರ್! ಬೇಫಿಕರ್ ಹೋಗ್ರಿ!"

"ಶಬ್ಬಾಸ್" ಎಂದು ಮಾವ ಫೋನ್ ಇಟ್ಟರು.

ಚಹಾದಂಗಡಿಯಲ್ಲಿ ನಗುವೋ ನಗು. ನಾನಂತೂ ಗಾಳಿಯಲ್ಲಿದ್ದೆ. ಮಾವನಿಗೇ ನನ್ನ ದನಿ ಹೊಂದಿತಲ್ಲ! ಕೂಡಲೇ ಮತ್ತೆ ಫೋನ್ ಮಾಡಿ ನಿಜ ಹೇಳಬೇಕಿತ್ತು. ಹೇಳಿದರೆ ಸರ್ಟಿಫಿಕೇಟ್ ವಾಪಸ್ ಹೋಗುತ್ತದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಮಾವ ಬಂದರು. ಅದೇ ಚಹಾದಂಗಡಿ, ಅದೇ ಕಟ್ಟೆ, ಕೈಯಲ್ಲಿ ಚಹಾ ಕಪ್ಪು. ಸಿಂಧನೂರು ಕಡೆಯಿಂದ ಜೀಪು ಬಂತು, ಹಿಂದೆ ಬಿಳಿ ಮನೆ. ಲಿಂಗಸೂಗೂರಿಗೆ ಪಾಲಿಸಿ ಮಾಡಿಸಲು ಹೊರಟಿದ್ದಾರೆ ಎಂದು ಗೊತ್ತಾಯಿತು. ಕೈ ಬೀಸಲು ಎದ್ದೆ. ಜೀಪಿನಲ್ಲಿ ಮಾವ ಒಬ್ಬರೇ.

ಜೀಪು ರಸ್ತೆಯ ಹಂಪ್ ದಾಟಿತು. ಹಿಂದಿನ ಮನೆ ಎಗರಿ ಧಪ್ ಎಂದು ಕೂತಿತು. ಹೂವಿನ ಪರದೆ ಸರಿಯಿತು. ಒಳಗಿನಿಂದ ಹಸಿರು ಬಳೆಯ ಕೈಯೊಂದು ನನಗೆ ಟಾಟಾ ಮಾಡಿತು.

ಕಪ್ಪು ಎಲ್ಲಿ ಬಿಸಾಕಿದೆನೋ ಗೊತ್ತಿಲ್ಲ. ಓಡಿದೆ. ಓಡುತ್ತಾ ಕೂಗಿದೆ. ಮಾವ ಕನ್ನಡಿಯಲ್ಲಿ ನೋಡಿ ಗಾಡಿ ನಿಲ್ಲಿಸಿದರು. ನಾನು ಹಿಂದಿನ ಬಾಗಿಲು ತೆಗೆದೆ. ಫ್ರಿಜ್ಜಿನ ಬಾಯಿ ತೆರೆದಿತ್ತು, ನೆಲದ ತುಂಬ ಅವಲಕ್ಕಿ. ಅವಲಕ್ಕಿ ತುಂಬಿದ್ದ ಸ್ಟೀಲ್ ಡಬ್ಬಿ ಮೇಲಿನ ಶೆಲ್ಫಿನಿಂದ ಹಾರಿ ಬಂದು ಅತ್ತೆಯ ದಿಂಬಿನ ಪಕ್ಕ ಬಿದ್ದಿತ್ತು. ಪಕ್ಕ ಅಂದರೆ, ಒಂದು ಗೇಣು ಕೂಡ ಇಲ್ಲ.

"ಹಂಪ್ ಬಂದ್ರ ಒಂದೀಟು ಜೋಲಿ ಆಗತೈತಿ, ಅಷ್ಟ" ಅತ್ತೆ ನಗುತ್ತಿದ್ದರು. "ಕಾಲು ಚಾಚಿಕೊಂಡು ಬಂದೀನಿ ನೋಡೋ ಅಮರೇಶ! ಎಷ್ಟು ವರ್ಷಾತು ಹಿಂಗ ರಸ್ತಾ ನೋಡಿ!"

"ಅತ್ತಿ, ಮೊದಲು ಇಳಿ. ಮುಂದ ಕೂಡು."

"ಯಾಕಲೇ?" ಮಾವ ಇಳಿದು ಬಂದರು. "ಭಾಯ್ ಹೇಳ್ಯಾರ, ಫುಲ್ ಕವರ್ ಐತಿ."

"ಭಾಯ್ ಅಲ್ಲ ಮಾವ. ಅದು ನಾನು."

"ಹೋಗಲೇ! ನಿನಗೆಲ್ಲಿ ಬರತೈತಿ ಅವರ ದನಿ?"

ಹೇಗಿದೆ ನೋಡಿ ನನ್ನ ಗತಿ! ಮಾಡಿದ ತಪ್ಪು ಒಪ್ಪಿಕೊಂಡರೆ ಅದಕ್ಕೂ ಪುರಾವೆ ಕೇಳುವ ಮಾವ. ರಸ್ತೆ ಬದಿಯಲ್ಲಿ, ಲಾರಿಗಳ ಹಾರ್ನ್ ನಡುವೆ, ನಾನು ಗಂಟಲು ದಪ್ಪ ಮಾಡಿದೆ. "ಭಾಭಿ ಮಲಗಲಿ, ಕೂಡಲಿ, ಬೇಕಾದ್ರ ರೊಟ್ಟಿ ಬಡೀಲಿ..."

ಮಾವನ ಮುಖ ಬಿಳುಚಿತು. ಬೈಯಲಿಲ್ಲ, ಹೊಡೆಯಲಿಲ್ಲ. ಡಬ್ಬಿಯನ್ನು ನೋಡಿದರು, ದಿಂಬನ್ನು ನೋಡಿದರು. ನನ್ನ ಬದುಕಿನಲ್ಲೇ ಅಷ್ಟು ಚೆನ್ನಾಗಿ ನಾನು ಯಾರ ದನಿಯನ್ನೂ ಮಾಡಿರಲಿಲ್ಲ. ಅಷ್ಟು ಕೆಟ್ಟದಾಗಿ ನನಗೆ ಎಂದೂ ಅನಿಸಿಯೂ ಇರಲಿಲ್ಲ.

ಅತ್ತೆ ಬಾಗಿಲು ಹಿಡಿದು ಇಳಿದರು. ನಾನು ಕೈ ಕೊಡಲು ಹೋದರೆ ಹಿಡಿಯಲಿಲ್ಲ. ಜೀಪಿನ ಮುಂದಿನ ಸೀಟಿಗೆ ಹತ್ತುವಾಗ ಒಂದು ಸಲ "ಯಪ್ಪಾ" ಅಂದರು. ಲಿಂಗಸೂಗೂರಿನ ತನಕ ನಾನು ಹಿಂದಿನ ಸೀಟಿನಲ್ಲಿ ಕೂತು ಅವಲಕ್ಕಿಯ ಡಬ್ಬಿ ಹಿಡಿದುಕೊಂಡಿದ್ದೆ.

ದಾರಿಯಲ್ಲಿ ಒಂದು ಮಾತು ಹೊಳೆಯಿತು. ನಾವೆಲ್ಲ ಇನ್ಶೂರೆನ್ಸನ್ನು ತಾಯತ ಮಾಡಿಕೊಂಡಿದ್ದೇವೆ ಅಲ್ಲವೇ? ಹೊಸ ಗಾಡಿ ಬಂದರೆ ಮುಂದೆ ಲಿಂಬೆಹಣ್ಣು, ಮೆಣಸಿನಕಾಯಿ, ಡ್ಯಾಶ್‌ಬೋರ್ಡಿನಲ್ಲಿ ಪಾಲಿಸಿ. ಮೂರಕ್ಕೂ ಒಂದೇ ಕೆಲಸ: ಏನೂ ಆಗದಂತೆ ನೋಡಿಕೊಳ್ಳುವುದು. 'ಇನ್ಶೂರೆನ್ಸ್ ಐತಿ ಬಿಡಪ್ಪ' ಎಂದು ಆಕ್ಸಿಲರೇಟರ್ ಒತ್ತುವವರನ್ನು ನೀವು ನೋಡಿಲ್ಲವೇ? ಪಾಲಿಸಿ ಬ್ರೇಕ್ ಹಾಕುವುದಿಲ್ಲ. ಆದದ್ದು ಆದ ಮೇಲೆ ಬರುತ್ತದೆ, ಅದೂ ನೀವು ಅದರಲ್ಲಿ ಬರೆದ ಹಾಗೆ ನಡೆದುಕೊಂಡಿದ್ದರೆ ಮಾತ್ರ.

ಮಹಬೂಬ್ ಭಾಯ್ ಆಫೀಸಿನಲ್ಲಿ ಫ್ಯಾನ್ ತಿರುಗುತ್ತಿತ್ತು. ಅವರು "ಬರ್ರಿ ಸಾವ್ಕಾರ್ರ" ಎಂದಾಗ ನನಗೊಂದು ವಿಚಿತ್ರ ಅನಿಸಿತು: ಈ ಮನುಷ್ಯ ನನ್ನಷ್ಟು ಚೆನ್ನಾಗಿ ಮಹಬೂಬ್ ಭಾಯ್ ಮಾಡುವುದಿಲ್ಲ! ಮಾವ ನಡೆದದ್ದನ್ನೆಲ್ಲ ಹೇಳಿದರು. ಭಾಯ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಮಾಲ್ ಮಾಡಿದಿ ಬೇಟಾ. ಇನ್ನ ಮ್ಯಾಗ ಬ್ಯಾರೆ ಯಾರದರ ದನಿ ಮಾಡು. ನನಗ ಇದರಾಗ ಹೊಟ್ಟಿ ತುಂಬಬೇಕು" ಎಂದರು.

ಆಮೇಲೆ ಬೆರಳು ಮಡಚುತ್ತಾ ಬಿಡಿಸಿ ಹೇಳಿದರು.

"ನೋಡ್ರಿ, ಥರ್ಡ್ ಪಾರ್ಟಿ ಅಂದ್ರ, ನಿಮ್ಮ ಗಾಡಿ ಮಂದಿಗೆ ಬಡದ್ರ ಅದು ಮಂದಿ ಲುಕ್ಸಾನಿಗೆ. ಅದು ಬೇಕಬೇಕು. ಓನ್ ಡ್ಯಾಮೇಜ್ ಅಂದ್ರ, ನಿಮ್ಮ ಟ್ರೇಲರ್ ನೆಗ್ಗಿದ್ರ, ಮಗುಚಿದ್ರ, ಅದು ನಿಮಗ. ಒಳಗಿನ ಫ್ರಿಜ್ಜು, ಒಲಿ ಬ್ಯಾರೇನ ಬರಸಬೇಕು. ಬರಸಿದ್ರ ಐತಿ, ಬಿಟ್ರ ಇಲ್ಲ. ಮತ್ತ, ಬಾಡಿಗಿ ಕೊಡಂಗಿಲ್ಲ."

"ಬೀಗರು ಕೇಳಿದ್ರ?"

"ರೊಕ್ಕ ತಗೋತೀರೇನು?"

"ಬೀಗರ ಕಡಿಂದ ಯಾರು ರೊಕ್ಕ ತಗೋತಾರ್ರಿ?"

"ಹಂಗಾದ್ರೂ ಕೊಡೂದಕ್ಕ ಮೊದಲು ನನಗೊಂದು ಫೋನ್ ಮಾಡ್ರಿ." ಭಾಯ್ ನನ್ನ ಕಡೆ ತಿರುಗಿದರು. "ನನಗ ಅಂದ್ರ ನನಗ."

ನಾನು ಫ್ಯಾನ್ ನೋಡಿದೆ.

"ಇನ್ನೊಂದು ಮಾತು. ಗಾಡಿ ನಡಿಯೂವಾಗ ಒಳಗ ಮನುಷ್ಯಾರು ಇರಂಗಿಲ್ಲ. ನಿಂತಾಗ ಅದು ಮನಿ, ನಡದಾಗ ಬರೇ ಸಾಮಾನು. ಭಾಭಿ ಮುಂದ ಕೂಡಲಿ. ತಾಸಿಗೊಮ್ಮೆ ನಿಲ್ಲಸ್ರಿ, ಹಿಂದ ಹೋಗಿ ಕಾಲು ಚಾಚಲಿ, ಚಾ ಮಾಡಿ ಕುಡೀರಿ, ಮತ್ತ ಹೊರಡ್ರಿ."

ಮಾವ ಒಪ್ಪಲಿಲ್ಲ. ಕಿರಾಣಿ ಅಂಗಡಿಯ ಲೆಕ್ಕ ಇನ್ನೂ ತಲೆಯಲ್ಲಿತ್ತು. "ಎಷ್ಟರ ಆಗಲಿ ಭಾಯ್, ಒಂದು ದೊಡ್ಡ ಪಾಲಿಸಿ ತಗೀರಿ. ಆಕಿ ಮಲಕೊಂಡ ಬರಬೇಕು. ಕೂತು ಬರಾಕ ಆಗಂಗಿಲ್ಲ ಆಕಿಗೆ. ಆಕಿ ಸಲುವಾಗೇ ತಂದೀನಿ ಇದನ್ನ."

ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮಾತು ಬಾಯಿಂದ ಬಂತು. ಅದೂ ಇನ್ಶೂರೆನ್ಸ್ ಆಫೀಸಿನಲ್ಲಿ! ಅತ್ತೆ ಸೆರಗು ಸರಿಮಾಡಿಕೊಂಡರು.

ಭಾಯ್ ಪೆನ್ನು ಕೆಳಗಿಟ್ಟರು. "ದೊಡ್ಡ ಪಾಲಿಸಿ ಮಾಡಿದ್ರ ದೊಡ್ಡ ರೊಕ್ಕ ಬರಬಹುದು, ಸಾವ್ಕಾರ್ರ. ಹೆಂಡ್ತಿ ಬರಂಗಿಲ್ಲ."

"ಎಷ್ಟರ ಆಗಲಿ ಅಂದ್ನೆಲ್ಲರೀ!" ಮಾವ ಮೇಜು ಬಡಿದರು. "ಇಲ್ಲಂದ್ರ ಕಾರವಾರನೂ ಬ್ಯಾಡ, ಏನೂ ಬ್ಯಾಡ. ಹೊಲದಾಗ ನಿಲ್ಲಸ್ತೀನಿ, ಗೊಬ್ಬರದ ಚೀಲ ಒಟ್ಟತೀನಿ ಅದರಾಗ!"

ಇಲ್ಲಿಗೆ ಮುಗಿಯಿತು, ನನ್ನ ಒಂದು ಫೋನಿನಿಂದ ಅತ್ತೆಯ ಸಮುದ್ರ ಹೋಯಿತು ಎಂದುಕೊಂಡೆ. ಅತ್ತೆ ಮಂಡಿ ಒತ್ತಿಕೊಳ್ಳುತ್ತಾ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಭಾಯ್ ಕೆಳಗಿಟ್ಟಿದ್ದ ಪೆನ್ನನ್ನು ಎತ್ತಿ ಭಾಯ್ ಕೈಗೇ ಕೊಟ್ಟು ಹೇಳಿದರು:

"ಬರಕೋರಿ ಭಾಯ್, ನಾ ಮುಂದ ಕೂಡತೀನಿ. ದೊಡ್ಡ ರೊಕ್ಕ ಬಂದ್ರ ಹೊಸಾ ಹೆಂಡ್ತಿ ತಾನ ಹುಡಿಕ್ಯಾಡಿಕೊಂಡು ಬರತಾಳ, ಅದಕ್ಕ ಇವರು ಆಗಿಂದ ಎಷ್ಟರ ಆಗಲಿ, ಎಷ್ಟರ ಆಗಲಿ ಅನ್ನಾಕತ್ತಾರ!"