ಪುನರ್ವಸುವಿನ ಖಾಲಿ ಸಾಲುಗಳು

ಕೊಪ್ಪದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಬೋರ್ಡಿನಲ್ಲಿ ರಿಪೇರಿ ಎಂದಿದ್ದರೂ ಬರುವವರಲ್ಲಿ ಅರ್ಧ ಜನ ಜೆರಾಕ್ಸಿಗೆ ಬರುತ್ತಾರೆ, ಇನ್ನರ್ಧ ಜನ ತಮ್ಮ ಪ್ರಿಂಟರನ್ನು ನನ್ನ ಮುಂದೆ ಬೈಯುವುದಕ್ಕೆ ಬರುತ್ತಾರೆ. ಅಂಗಡಿ ಹಾಕುವ ಮೊದಲು ಆರು ವರ್ಷ ನರಸಿಂಹರಾಜಪುರದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಮಾರುವವರೊಬ್ಬರ ಹತ್ತಿರ ಕೆಲಸಕ್ಕಿದ್ದೆ. ಅಡಿಕೆ ಮಂಡಿಗಳಲ್ಲಿ, ಅಕ್ಕಿ ಮಿಲ್ಲುಗಳಲ್ಲಿ ತಕ್ಕಡಿಯನ್ನು ಕಂಪ್ಯೂಟರಿಗೆ ಜೋಡಿಸಿ, ತೂಕ ತಾನಾಗಿ ಪರದೆಯ ಮೇಲೆ ಮೂಡುವಂತೆ ಮಾಡುವುದು ನನ್ನ ಕೆಲಸವಾಗಿತ್ತು.

ತಕ್ಕಡಿಯಿಂದ ಕಂಪ್ಯೂಟರಿಗೆ ಬರುವುದು ಸೀರಿಯಲ್ ಕೇಬಲ್. ಅದರೊಳಗೆ ಅಕ್ಷರಗಳು ಒಂದರ ಹಿಂದೆ ಒಂದು ಬರುತ್ತವೆ. ಎಷ್ಟು ವೇಗದಲ್ಲಿ ಬರಬೇಕು, ಒಂದು ಅಕ್ಷರಕ್ಕೆ ಎಷ್ಟು ಬಿಟ್, ಸರಿ ಬಂದಿದೆಯೇ ಎಂದು ನೋಡಲು ಒಂದು ಬಿಟ್ ಹೆಚ್ಚಿಗೆ ಇದೆಯೋ ಇಲ್ಲವೋ, ಈ ಮೂರರಲ್ಲಿ ಎರಡೂ ಕಡೆಯವರು ಒಪ್ಪಿರಬೇಕು. ಇಲ್ಲದಿದ್ದರೆ ಪರದೆಯ ತುಂಬ ಕಸ. ಆರು ವರ್ಷದಲ್ಲಿ ನಾನು ಆ ಕಸ ನೋಡಿಯೇ ಮೂರರಲ್ಲಿ ಯಾವುದು ತಪ್ಪಿದೆ ಎಂದು ಹೇಳುವಷ್ಟಾಗಿದ್ದೆ. ಕಪ್ಪು ಪರದೆಯ ಮೇಲೆ stty ಎಂಬ ಆಜ್ಞೆ ಹೊಡೆದು, ಮುಂದೆ ಮೂರು ಅಂಶ ಬರೆದು ಎಂಟರ್ ಒತ್ತಿದರೆ ಕಸ ಹೋಗಿ ತೂಕ ಕಾಣಿಸುತ್ತಿತ್ತು. ಮಂಡಿಯವರು ಇದನ್ನು ನೋಡಿ ‘ಮೇಡಂ ಒಂದು ಸಾಲಿನಲ್ಲಿ ಸರಿ ಮಾಡ್ತಾರೆ’ ಎನ್ನುತ್ತಿದ್ದರು. ಆ ಮಾತು ನನಗೆ ತಲೆಗೇರಿತ್ತು ಎಂದು ಈಗ ಹೇಳಬಲ್ಲೆ.

ಈಚಿನ ಒಂದು ಮಳೆಗಾಲದಲ್ಲಿ, ಮೃಗಶಿರಾ ಮಳೆ ಮುಗಿಯುತ್ತ ಬಂದಿದ್ದಾಗ, ಹಿರೇಕೊಡಿಗೆ ಕಡೆಯ ಒಂದು ಕಾಫಿ ಎಸ್ಟೇಟಿನ ಯಜಮಾನರು ಅಂಗಡಿಗೆ ಬಂದರು. ಮಳೆ ಅಳೆಯುವ ಮೆಷಿನ್ ತರಿಸಿದ್ದೇನೆ, ಅದನ್ನು ಆಫೀಸಿನ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿಕೊಡಬೇಕು ಎಂದರು. ನಮ್ಮ ಕಡೆ ಕಾಫಿಯವರಿಗೆ ಮಳೆಯ ಅಳತೆ ಒಂದು ಗೀಳು. ಬೆಳಿಗ್ಗೆ ಒಬ್ಬರಿಗೊಬ್ಬರು ಸಿಕ್ಕಿದರೆ ಕಾಫಿ ಆಯಿತಾ ಎನ್ನುವ ಮೊದಲು ‘ಎಷ್ಟು ಬಂತು?’ ಎನ್ನುತ್ತಾರೆ. ಉತ್ತರ ಇಂಚು ಮತ್ತು ಸೆಂಟ್ಸ್‌ನಲ್ಲಿ. ನೂರು ಸೆಂಟ್ಸ್‌ಗೆ ಒಂದು ಇಂಚು. ಮಿಲಿಮೀಟರ್ ಎಂದರೆ ಅವರಿಗೆ ರೇಡಿಯೋದವರ ಮಳೆ.

ಆ ಎಸ್ಟೇಟಿನಲ್ಲಿ ಮಳೆ ಅಳೆಯುತ್ತಿದ್ದವರು ರೈಟರು. ಎಸ್ಟೇಟಿನ ಲೆಕ್ಕಪತ್ರ, ಆಳುಗಳ ಹಾಜರಿ ನೋಡಿಕೊಳ್ಳುವವರನ್ನು ಇಲ್ಲಿ ಹಾಗೆಯೇ ಕರೆಯುವುದು. ಅರವತ್ತರ ಹತ್ತಿರದ, ಸಣಕಲು ಮೈಯ, ಮಾತು ಕಡಿಮೆಯ ಮನುಷ್ಯ. ಕೆಲಸಕ್ಕೆ ಸೇರಿದ ದಿನದಿಂದಲೂ ದಿನಾ ಬೆಳಿಗ್ಗೆ ಎಂಟಕ್ಕೆ ಕೊಡೆ ಹಿಡಿದು ಅಂಗಳದಾಚೆಯ ಮಳೆಮಾಪಕದ ಹತ್ತಿರ ಹೋಗುವುದು, ಒಳಗಿನ ನೀರನ್ನು ಗೆರೆ ಹಾಕಿದ ಗಾಜಿನ ಜಾಡಿಗೆ ಸುರಿಯುವುದು, ಕುಕ್ಕರುಗಾಲಲ್ಲಿ ಕೂತು ಗೆರೆಯ ಮಟ್ಟಕ್ಕೆ ಕಣ್ಣಿಟ್ಟು ನೋಡುವುದು, ಬಂದು ಪುಸ್ತಕದಲ್ಲಿ ಬರೆಯುವುದು. ಮನೆಯ ಮದುವೆ, ಸೂತಕ, ಜ್ವರ ಯಾವುದಕ್ಕೂ ಆ ಪುಸ್ತಕ ತಪ್ಪಿರಲಿಲ್ಲ. ಅವರು ಇಲ್ಲದ ದಿನ ಅವರ ಹೆಂಡತಿ ಅಳೆದು ಬರೆಯುತ್ತಿದ್ದರು, ಆ ಸಾಲಿನ ಪಕ್ಕದಲ್ಲಿ ‘ಮನೆಯವರು’ ಎಂದು ಸಣ್ಣಗೆ ನಮೂದಾಗಿರುತ್ತಿತ್ತು.

ಹೊಸ ಮೆಷಿನ್ನಿನ ಒಳಗೆ ಎರಡು ಪುಟ್ಟ ಬೋಗುಣಿಗಳು. ಒಂದು ತುಂಬಿದ ಕೂಡಲೇ ಟಕ್ ಎಂದು ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಟಕ್ಕಿಗೆ ಒಂದು ಕೆಂಪು ದೀಪ ಮಿಣುಕಿ ಒಂದು ಎಣಿಕೆ. ಗಂಟೆಗೊಮ್ಮೆ ಅದು ಆ ಗಂಟೆಯ ಮಳೆಯನ್ನು ಒಂದು ಸಾಲಾಗಿ ಕೇಬಲ್ಲಿನಲ್ಲಿ ಕಳಿಸುತ್ತದೆ. ಜೊತೆಗೆ ಬಂದಿದ್ದ ನಾಲ್ಕು ಪುಟದ ಕಾಗದದಲ್ಲಿ ನಾನು ವೇಗ ಎಷ್ಟು, ಬಿಟ್ ಎಷ್ಟು, ಹೆಚ್ಚಿನ ಬಿಟ್ ಇದೆಯೋ ಇಲ್ಲವೋ ಇಷ್ಟನ್ನೇ ಹುಡುಕಿ, ನನ್ನ ಒಂದು ಸಾಲು ಹೊಡೆದೆ. ಕಸವಿಲ್ಲದೆ ಅಂಕಿ ಬಂತು. ಯಜಮಾನರಿಗೆ ಸುಲಭವಾಗಲಿ ಎಂದು, ಬೆಳಿಗ್ಗೆ ಎಂಟರಿಂದ ಮರುದಿನ ಎಂಟರವರೆಗಿನ ಮೊತ್ತವನ್ನು ಕೂಡಿ ಇಂಚಿನಲ್ಲಿ ಮಾತ್ರ ತೋರಿಸುವ ಹಾಗೆ ಮಾಡಿಕೊಟ್ಟೆ. ಗಂಟೆಗಂಟೆಯ ಸಾಲುಗಳು ಹಿಂದಿನ ಫೈಲಿನಲ್ಲಿ ಉಳಿದವು. ಅವನ್ನು ಯಾರೂ ತೆರೆದು ನೋಡಲಿಲ್ಲ, ನಾನೂ ನೋಡಲಿಲ್ಲ.

ಆರ್ದ್ರಾ ಮಳೆ ಹಿಡಿದು ಹದಿಮೂರು ದಿನಕ್ಕೆ ಯಜಮಾನರ ಫೋನು ಬಂತು. ರೈಟರ ಜಾಡಿಗೂ ಮೆಷಿನ್ನಿಗೂ ತಾಳೆಯಾಗುತ್ತಿಲ್ಲ, ಬಂದು ನೋಡಿ ಎಂದರು. ಹೋದೆ. ಆಫೀಸಿನ ಮೇಜಿನ ಮೇಲೆ ಪುಸ್ತಕ ಒಂದು ಕಡೆ, ಲ್ಯಾಪ್‌ಟಾಪ್ ಒಂದು ಕಡೆ. ಹನಿ ಮಳೆಯ ದಿನಗಳಲ್ಲಿ ಎರಡೂ ಅಂಕಿ ಹೆಚ್ಚು ಕಡಿಮೆ ಒಂದೇ. ಜೋರು ಮಳೆಯ ದಿನಗಳಲ್ಲಿ ಮಾತ್ರ ರೈಟರದ್ದು ನಾಲ್ಕು ಇಂಚು, ಮೆಷಿನ್ನಿನದು ಎರಡು ಚಿಲ್ಲರೆ. ನಾನು ಲೈನಿನ ಸೆಟ್ಟಿಂಗ್ ನೋಡಿದೆ, ಮೂರೂ ಸರಿಯಿದ್ದವು. ಕೇಬಲ್ ಎಳೆದು ನೋಡಿದೆ. ತಪ್ಪು ಲೈನಿನಲ್ಲಿದ್ದರೆ ಅಂಕಿ ಕೆಟ್ಟು ಬರಬೇಕು, ಹೀಗೆ ಅಚ್ಚುಕಟ್ಟಾಗಿ ಕಡಿಮೆ ಬರುವುದಿಲ್ಲ ಎಂದು ನನ್ನ ಆರು ವರ್ಷ ನನಗೆ ಹೇಳಿತು.

ಹಾಗಾದರೆ ಉಳಿದದ್ದು ಒಂದೇ ಅರ್ಥ. ಜೋರು ಮಳೆಯಲ್ಲಿ ಯಾರು ತಾನೇ ಅಂಗಳ ದಾಟಿ ಹೋಗುತ್ತಾರೆ? ಕಿಟಕಿಯಿಂದ ನೋಡಿ, ಇಷ್ಟಿರಬಹುದು ಎಂದು ಒಂದು ಅಂಕಿ ಬರೆಯುತ್ತಾರೆ, ಜೋರು ಮಳೆ ಕಣ್ಣಿಗೆ ಇರುವುದಕ್ಕಿಂತ ಜಾಸ್ತಿಯೇ ಕಾಣುತ್ತದೆ. ಯಜಮಾನರ ಮನಸ್ಸಿನಲ್ಲೂ ಅದೇ ಇತ್ತು, ಬಾಯಲ್ಲಿ ಬರುತ್ತಿರಲಿಲ್ಲ ಅಷ್ಟೆ. ಯಾವುದು ಸರಿ ಎಂದು ಅವರು ನನ್ನನ್ನು ಕೇಳಿದರು. ರೈಟರು ಬಾಗಿಲ ಹತ್ತಿರವೇ ನಿಂತಿದ್ದರು.

“ಮೆಷಿನ್ನಿಗೆ ಸುಳ್ಳು ಹೇಳಿ ಆಗಬೇಕಾದ್ದು ಎಂತದೂ ಇಲ್ಲ,” ಎಂದೆ.

ರೈಟರು ಮೆಷಿನ್ನಿದ್ದ ಕಡೆ ಕೈ ತೋರಿಸಿ, “ಜೋರು ಬರುವಾಗ ಅದು ಟಕ್ ಟಕ್ ಅಂತಾನೇ ಇರ್ತದೆ ಮೇಡಂ, ದೀಪ ಮಾತ್ರ ಹೊತ್ತೂದಿಲ್ಲ. ನಾ ಹತ್ರ ನಿಂತು ನೋಡಿದ್ದೇನೆ,” ಎಂದರು. ಮಳೆಯಲ್ಲಿ ಅಷ್ಟು ಸಣ್ಣ ದೀಪ ಕಣ್ಣಿಗೆ ಬೀಳುವುದು ಕಷ್ಟ ಎಂದು ಹೇಳಿ ನಾನು ಬ್ಯಾಗಿನ ಜಿಪ್ಪು ಎಳೆದೆ. ಅವರ ಕಣ್ಣಿನ ಬಗ್ಗೆ ಹೇಳಿದ ಹಾಗೆಯೂ ಆಯಿತು. ಯಜಮಾನರು ಮೆತ್ತಗೆ, ನಾಳೆಯಿಂದ ನೀವು ಹೋಗುವುದು ಬೇಡ ರೈಟ್ರೇ, ಈ ವಯಸ್ಸಿನಲ್ಲಿ ಸುಮ್ಮನೆ ಯಾಕೆ ನೆನೆಯುವುದು ಎಂದರು. ಕರುಣೆಯ ದನಿಯಲ್ಲಿ ಹೇಳಿದ್ದರಿಂದ ಅದಕ್ಕೆ ಎದುರು ಮಾತಾಡುವ ಹಾಗಿರಲಿಲ್ಲ. ರೈಟರು ಪುಸ್ತಕವನ್ನು ಮುಚ್ಚಿ ಬೀರುವಿನಲ್ಲಿಟ್ಟು, ಅದರ ಪಕ್ಕ ಗಾಜಿನ ಜಾಡಿಯನ್ನೂ ಇಟ್ಟು ಬಂದರು. ಮರುದಿನ ಪುನರ್ವಸು ಮಳೆ ಹುಟ್ಟಿತು.

ಸುದ್ದಿ ನನಗಿಂತ ಬೇಗ ಕೊಪ್ಪಕ್ಕೆ ಬಂತು. ಅಂದಾಜಿನಲ್ಲಿ ಹೇಳಿದ ಯಾವ ಲೆಕ್ಕಕ್ಕೂ ಕಾಫಿಯವರು ‘ಇದು ಅಳೆದದ್ದಾ, ರೈಟರ್ ಮಳೆಯಾ?’ ಎನ್ನತೊಡಗಿದರು. ನನ್ನ ಅಂಗಡಿಯಲ್ಲೇ ಒಬ್ಬರು ಐವತ್ತು ಪ್ರತಿ ಜೆರಾಕ್ಸ್ ಎಣಿಸದೆ ತೆಗೆದುಕೊಂಡು, ಸರಿಯಿದೆ ಬಿಡಿ ಮಾರಾಯ್ರೆ, ರೈಟರ್ ಮಳೆ ಅಲ್ಲವಲ್ಲ ಎಂದರು. ನಾನೂ ನಕ್ಕೆ. ಆ ನಗು ಈಗಲೂ ನೆನಪಿದೆ, ಮರೆಯಬೇಕೆಂದರೂ ಆಗುವುದಿಲ್ಲ.

ಪುನರ್ವಸು ಮುಗಿಯುವ ಹೊತ್ತಿಗೆ ಕೆರೆಕಟ್ಟೆಯಿಂದ ಒಬ್ಬರು ಅದೇ ಮೆಷಿನ್ ತಂದರು. ಅವರ ಊರಿಗೆ ಹೋಗಿಬರುವ ಬಸ್ಸು ಕಡಿಮೆ, ಹಾಗಾಗಿ ಅಂಗಡಿಯಲ್ಲೇ ಪರೀಕ್ಷೆ ಮಾಡಿ ಕೊಡಿ ಎಂದರು. ಮೇಜಿನ ಮೇಲೆ ಬಾಲ್ದಿ ಇಟ್ಟು, ಅದರ ಮೇಲೆ ಮೆಷಿನ್ ಕೂರಿಸಿ, ಅಂಗಡಿಯ ಕಂಪ್ಯೂಟರಿಗೆ ಜೋಡಿಸಿ ಅದೇ ಒಂದು ಸಾಲು ಹೊಡೆದು, ಚೊಂಬಿನಿಂದ ನೀರು ಸುರಿಯತೊಡಗಿದೆ. ಟಕ್ ಟಕ್, ದೀಪ ಮಿಣುಕಿತು. ಗಂಟೆ ತುಂಬಿ ಪರದೆಯಲ್ಲಿ ಸಾಲು ಬಂತು. ಆಮೇಲೂ ಸುರಿದೆ. ಟಕ್ ಟಕ್ ಎನ್ನುತ್ತಲೇ ಇತ್ತು. ದೀಪ ಹೊತ್ತಲಿಲ್ಲ.

ಚೊಂಬು ಕೆಳಗಿಟ್ಟು ಕೂತೆ. ರೈಟರು ಹೇಳಿದ್ದು ಅಕ್ಷರಶಃ ಇದನ್ನೇ. ಆಗ ನಾಲ್ಕು ಪುಟದ ಕಾಗದವನ್ನು ಮೊದಲ ಸಲ ಪೂರ್ತಿ ಓದಿದೆ. ಗಂಟೆಯ ಮಳೆ ಒಂದು ಮಿತಿಗಿಂತ ಹೆಚ್ಚಾದರೆ ಮೆಷಿನ್ ಸಾಲಿನ ಕೊನೆಗೆ H ಎಂಬ ಅಕ್ಷರ ಸೇರಿಸುತ್ತದೆ, ಜೋರು ಮಳೆ ಎಂಬ ಗುರುತಿಗೆ. ಕೊನೆಯ ಪುಟದಲ್ಲಿ ಇನ್ನೊಂದಿತ್ತು. ನಾವು ಮೆಷಿನ್ನಿಗೆ H ಕಳಿಸಿದರೆ ಅದು ಆ ಗಂಟೆ ಮುಗಿಯುವವರೆಗೆ ಎಣಿಕೆ ನಿಲ್ಲಿಸುತ್ತದೆ. ಬೋಗುಣಿ ತೊಳೆಯುವಾಗ ಸುಳ್ಳು ಎಣಿಕೆ ಬೀಳಬಾರದೆಂದು ಮಾಡಿದ ಏರ್ಪಾಡು.

ನಾನು ಏನನ್ನೂ ಕಳಿಸಿರಲಿಲ್ಲ. ಆದರೆ ಕಂಪ್ಯೂಟರ್ ಕಳಿಸಿತ್ತು. stty -a ಎಂದು ಹೊಡೆದರೆ ಲೈನಿನ ಎಲ್ಲ ಸೆಟ್ಟಿಂಗೂ ಉದ್ದಕ್ಕೆ ಬರುತ್ತದೆ. ಹೆಸರಿನ ಮೊದಲಿಗೆ ಮೈನಸ್ ಗುರುತಿದ್ದರೆ ಅದು ಬಂದ್, ಇಲ್ಲದಿದ್ದರೆ ಚಾಲೂ. ಆ ಗುಂಪಿನಲ್ಲಿ echo ಎಂಬುದು ಮೈನಸ್ ಇಲ್ಲದೆ ನಿಂತಿತ್ತು. ಲೈನಿನ ಆ ಕಡೆ ಒಬ್ಬ ಮನುಷ್ಯ ಕೂತು ಟೈಪು ಮಾಡುತ್ತಿದ್ದಾನೆ ಎಂದು ಕಂಪ್ಯೂಟರ್ ತಿಳಿದಿರುತ್ತದೆ. ಅವನು ಹೊಡೆದದ್ದು ಅವನಿಗೇ ಕಾಣಲಿ ಎಂದು ಪ್ರತಿ ಅಕ್ಷರವನ್ನೂ ವಾಪಸು ಕಳಿಸುತ್ತದೆ, ಕತೆ ಕೇಳುವವರು ಹೂಂಗುಟ್ಟುವ ಹಾಗೆ. ಮೆಷಿನ್ ‘ಜೋರು ಮಳೆ’ ಎಂದಿತು, ಕಂಪ್ಯೂಟರ್ ಅದನ್ನೇ ತಿರುಗಿ ಹೇಳಿತು, ಮೆಷಿನ್ ಅದನ್ನು ಅಪ್ಪಣೆ ಎಂದು ತಿಳಿದು ಒಂದು ಗಂಟೆ ಎಣಿಸದೆ ಕೂತಿತು. ಮಳೆ ಜೋರಾದಷ್ಟೂ ಗಂಟೆ ಬಿಟ್ಟು ಗಂಟೆ ಎಣಿಕೆ ಇಲ್ಲ.

ಆರು ವರ್ಷ ನನಗೆ ಇದು ಗೊತ್ತಾಗದಿದ್ದದ್ದಕ್ಕೆ ಕಾರಣ ಸರಳ. ತಕ್ಕಡಿಗಳು ಹೇಳುತ್ತವೆ, ಕೇಳಿಸಿಕೊಳ್ಳುವುದಿಲ್ಲ. ನನ್ನ ಕಂಪ್ಯೂಟರುಗಳು ಅಷ್ಟೂ ವರ್ಷ ತಕ್ಕಡಿಗಳಿಗೆ ಅವುಗಳ ಮಾತನ್ನೇ ಹಿಂದಿರುಗಿಸಿ ಹೇಳುತ್ತಿದ್ದವು, ಯಾವ ತಕ್ಕಡಿಗೂ ಅದರಿಂದ ಏನೂ ಆಗಲಿಲ್ಲ. ಮೂರು ಸೆಟ್ಟಿಂಗ್ ಸರಿಯಿದ್ದರೆ ಲೈನ್ ಸರಿಯಿದೆ ಎಂಬ ನನ್ನ ನಂಬಿಕೆ ಪೂರಾ ಮಂಡಿಯಲ್ಲಿ ಬೆಳೆದದ್ದು. -echo ಎಂದು ಸೇರಿಸಿ ಮತ್ತೆ ನೀರು ಸುರಿದೆ. ಗಂಟೆ ಕಳೆದು H ಬಂತು, ದೀಪ ಮಿಣುಕುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಹಿರೇಕೊಡಿಗೆ ಕಡೆಗೆ ಸ್ಕೂಟರ್ ತೆಗೆದೆ. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ದಾರಿಯುದ್ದಕ್ಕೂ ಹಾಗೆ ಮಾಡಬೇಕಿತ್ತು ಎಂದೇ ಅನಿಸುತ್ತಿತ್ತು. ಆಫೀಸಿನಲ್ಲಿ ಯಜಮಾನರನ್ನು ಕೂರಿಸಿ, ರೈಟರನ್ನು ಕರೆಸಿ, ಗಂಟೆಗಂಟೆಯ ಫೈಲು ತೆರೆದು ತೋರಿಸಿದೆ. ಜೋರು ಮಳೆಯ ಪ್ರತಿ ಸಾಲಿನ ಕೆಳಗೆ ಒಂದು ಸೊನ್ನೆ. ತಪ್ಪು ನನ್ನದು, ರೈಟರ ಅಳತೆ ಮೊದಲಿನಿಂದಲೂ ಸರಿಯಿತ್ತು, ಅವರು ದೀಪದ ವಿಷಯ ಹೇಳಿದಾಗ ನಾನು ಕೇಳಲಿಲ್ಲ ಎಂದೆ. ಯಜಮಾನರು ಆ ಸೊನ್ನೆಗಳನ್ನು ಬಹಳ ಹೊತ್ತು ನೋಡಿ, ಕೊನೆಗೆ ರೈಟರ ಕಡೆ ತಿರುಗದೆಯೇ, ನಾಳೆಯಿಂದ ನೀವೇ ಅಳೆಯಿರಿ ಎಂದರು.

ರೈಟರು ಬೀರು ತೆರೆದು ಪುಸ್ತಕ ತಂದು ಮೇಜಿನ ಮೇಲೆ ಬಿಡಿಸಿದರು. ಆರ್ದ್ರಾದ ಕೊನೆಯ ಸಾಲಿನ ಕೆಳಗೆ ಪುನರ್ವಸುವಿನ ಹದಿನಾಲ್ಕು ತಾರೀಖುಗಳನ್ನು ಬರೆದಿಟ್ಟಿದ್ದರು. ತಾರೀಖುಗಳ ಮುಂದೆ ಏನೂ ಇರಲಿಲ್ಲ. ಅವರು ಗುಟ್ಟಾಗಿ ಅಳೆಯುತ್ತಲೇ ಇದ್ದಿರಬಹುದು ಎಂದು ದಾರಿಯಲ್ಲಿ ನಾನು ಆಸೆಪಟ್ಟಿದ್ದೆ. ಹಾಗಾಗಿದ್ದರೆ ನನಗೆ ಹಗುರಾಗುತ್ತಿತ್ತು. ಯಜಮಾನರು ಬೇಡ ಎಂದಿದ್ದರು, ರೈಟರು ಅಳೆದಿರಲಿಲ್ಲ. ಅಳೆಯದಿದ್ದುದರಿಂದ ಬರೆದೂ ಇರಲಿಲ್ಲ.

ಸೊನ್ನೆ ಬಿದ್ದ ಗಂಟೆಗಳಿಗೆ ಹಿಂದಿನ, ಮುಂದಿನ ಗಂಟೆಯ ಸರಾಸರಿ ಹಾಕಿ ಹದಿನಾಲ್ಕೂ ದಿನದ ಮಳೆ ಕೂಡಿಸಿಕೊಡುತ್ತೇನೆ, ಹೆಚ್ಚು ಕಡಿಮೆ ಸರಿಯೇ ಬರುತ್ತದೆ ಎಂದೆ. ಯಜಮಾನರಿಗೆ ಅದು ಒಪ್ಪಿಗೆಯಾಯಿತು. ರೈಟರು ತಲೆಯಾಡಿಸಿದರು.

“ಬೇಡ ಮೇಡಂ. ಹಾಗೆ ಬರೆದ್ರೆ ಅದೇ ರೈಟರ್ ಮಳೆ ಆಗ್ತದೆ.”

ಆ ಮಾತು ಅವರ ಕಿವಿಗೂ ಬಿದ್ದಿತ್ತು ಎಂದು ನನಗೆ ಆಗ ತಿಳಿಯಿತು. ನಾಚಿಕೆಯಾಯಿತು. ಅಂಗಡಿಯಲ್ಲಿ ನಾನು ನಕ್ಕದ್ದನ್ನು ಯಾರಾದರೂ ಅವರಿಗೆ ಹೇಳಿದ್ದಾರೆಯೇ ಎಂಬ ಹೆದರಿಕೆಯೂ ಆಯಿತು. ಅವರು ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ನನ್ನ ಮುಂದಿಟ್ಟರು. ಯಾಕೆ ಖಾಲಿ ಎಂದು ನೀವೇ ಬರೆಯಿರಿ, ಮುಂದೆ ನೋಡುವವರಿಗೆ ಗೊತ್ತಾಗಬೇಕು ಎಂದರು.

ಹದಿನಾಲ್ಕು ಖಾಲಿ ಸಾಲುಗಳ ಪಕ್ಕದ ಅಂಚಿನಲ್ಲಿ, ಪುಸ್ತಕವನ್ನು ಅಡ್ಡ ತಿರುಗಿಸಿಕೊಂಡು ಬರೆದೆ: ‘ಈ ದಿನಗಳಲ್ಲಿ ಜೋರು ಮಳೆಯಾಗಿದೆ. ಮೆಷಿನ್ ಜೋಡಿಸುವಾಗ ನಾನು ಮಾಡಿದ ತಪ್ಪಿನಿಂದ ಮತ್ತು ನನ್ನ ಮಾತಿನಿಂದ ಅಳತೆ ನಿಂತಿತ್ತು.’ ಕೆಳಗೆ ಸಹಿ ಹಾಕಿ ತಾರೀಖು ಬರೆದೆ. ಪುಸ್ತಕವನ್ನು ಅವರ ಕಡೆ ತಿರುಗಿಸಿದೆ.

ರೈಟರು ಕನ್ನಡಕ ಸರಿಮಾಡಿಕೊಂಡು, ಜಾಡಿಯ ಗೆರೆ ನೋಡುವಷ್ಟೇ ಹೊತ್ತು ತೆಗೆದುಕೊಂಡು ಓದಿದರು. ಆಮೇಲೆ ಪೆನ್ನು ತೆಗೆದುಕೊಂಡು ಮೊದಲ ವಾಕ್ಯದ ಮೇಲೆ ಒಂದು ನೇರ ಗೆರೆ ಎಳೆದರು.

“ಜೋರು ಅಂತ ಅಳೆದದ್ದು ಯಾರು ಮೇಡಂ?” ಎಂದರು.

ಉಳಿದ ವಾಕ್ಯವನ್ನು ಹಾಗೇ ಬಿಟ್ಟು, ಪುಸ್ತಕ ಮುಚ್ಚಿ, ಜಾಡಿ ತೊಳೆಯಲು ಹೋದರು.