ದಾಮಣ್ಣನ ಬೇಯಿಸಿದ ತಂತಿಗಳು

ದಾಮಣ್ಣನ ಎಡಗೈ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಅಂಗಡಿಯ ಮೇಜಿನ ಅಂಚು, ಕಾರಿನ ಸ್ಟಿಯರಿಂಗು, ಮಡಚಿದ ಕೊಡೆ, ಯಾವುದು ಸಿಕ್ಕಿದರೂ ಅದರ ಮೇಲೆ ನಾಲ್ಕೂ ಬೆರಳು ಹತ್ತಿ ಇಳಿಯುತ್ತಿದ್ದವು. ಏನೂ ಸಿಗದಿದ್ದರೆ ತಮ್ಮದೇ ಬಲಗೈಯನ್ನು ಹಿಡಿದುಕೊಳ್ಳುತ್ತಿದ್ದರು. ಒಮ್ಮೆ ಪರಿಚಯದವರ ಮನೆಯಲ್ಲಿ ಸಾವಾದಾಗ ಇಬ್ಬರೂ ಹೋಗಿ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದೆವು. ದಾಮಣ್ಣನ ಮುಖ ಎಲ್ಲರ ಮುಖದ ಹಾಗೆಯೇ ಬಾಡಿತ್ತು. ಆದರೆ ಅವರ ಬೆರಳುಗಳು ಬಲಗೈಯ ಮೇಲೆ ಒಂದು ಹಳೆಯ ಚಿತ್ರಗೀತೆಯನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ನುಡಿಸಿ ಮುಗಿಸಿದವು. ಯಾವ ಹಾಡೆಂದು ನನಗೆ ತಿಳಿದದ್ದು ನಾನೂ ಅದೇ ರೋಗದವನಾದ್ದರಿಂದ.

ರೋಗದ ಹೆಸರು ಬೇಸ್ ಗಿಟಾರ್. ಉದ್ದ ಕತ್ತು, ನಾಲ್ಕು ದಪ್ಪ ತಂತಿ, ಹಾಡಿನ ಅಡಿಯಲ್ಲಿ ಗುಮ್ಮೆಂದು ಸಾಗುವ ದನಿ. ಹೊಸಂಗಡಿಯಲ್ಲಿ ದಾಮಣ್ಣನಿಗೆ ವಯರು, ಪೈಪು, ಸ್ವಿಚ್ಚುಗಳ ಅಂಗಡಿ. ನಾನು ಪುತ್ತಿಗೆಯ ಮಾಷ್ಟ್ರು. ಫ್ಯಾನಿನ ರೆಗ್ಯುಲೇಟರ್ ಕೊಳ್ಳಲು ಹೋದವನು ಪೈಪುಗಳ ನಡುವೆ ನಿಂತಿದ್ದ ಉದ್ದನೆಯ ಕಪ್ಪು ಚೀಲವನ್ನು ನೋಡಿ, ‘ಅದು ಬೇಸಾ?’ ಎಂದು ಕೇಳಿದೆ. ಅವರು ಇನ್ನೊಬ್ಬ ಗಿರಾಕಿಗೆ ಅಳೆಯುತ್ತಿದ್ದ ವಯರನ್ನು ಅರ್ಧಕ್ಕೇ ಬಿಟ್ಟು ನನಗೊಂದು ಸ್ಟೂಲು ಎಳೆದುಕೊಟ್ಟರು. ರೆಗ್ಯುಲೇಟರ್ ಮರೆತು ಮನೆಗೆ ಬಂದೆ. ಅಲ್ಲಿಂದ ಮುಂದೆ ನನ್ನ ಶನಿವಾರದ ಮಧ್ಯಾಹ್ನಗಳೆಲ್ಲ ಆ ಸ್ಟೂಲಿನ ಮೇಲೆಯೇ ಕಳೆದವು.

ಮಾತಿಗೆ ಬರವಿರಲಿಲ್ಲ. ದುಂಡು ಸುತ್ತಿನ ತಂತಿ ಒಳ್ಳೆಯದೋ, ಚಪ್ಪಟೆ ಸುತ್ತಿನದೋ ಎಂದು ಶುರುವಾದದ್ದು ಹೈವೇ ಅಗಲವಾಗಿ ರಸ್ತೆ ದಾಟಲು ಸುತ್ತು ಹಾಕಬೇಕಾದ ಕಷ್ಟಕ್ಕೆ ತಿರುಗಿ, ಅಲ್ಲಿಂದ ಬಂಗುಡೆ ಮೀನಿನ ರುಚಿಗೆ ಹೋಗಿ, ಮತ್ತೆ ಆಂಪ್ಲಿಫೈಯರಿನ ಗೊರಗೊರ ಸದ್ದಿಗೆ ಬಂದು ನಿಲ್ಲುತ್ತಿತ್ತು. ಬೇಸ್ ನುಡಿಸಿದರೆ ಜನರಿಗೆ ಕೇಳಿಸುವುದೇ ಇಲ್ಲವಲ್ಲ ಎಂದು ನಾನು ಗೊಣಗಿದರೆ ದಾಮಣ್ಣ ನಗುತ್ತಿದ್ದರು. ‘ಮನೆಗೆ ಬಂದವರು ಟೈಲ್ಸ್ ನೋಡ್ತಾರೆ ಮಾಷ್ಟ್ರೇ. ಅಡಿಯ ಸಿಮೆಂಟು ಯಾರಾದರೂ ಕೇಳ್ತಾರಾ? ನಾವು ಸಿಮೆಂಟಿನ ಪಾರ್ಟಿ.’

ಸಮುದ್ರದ ಗಾಳಿಗೆ ನಮ್ಮ ಕಡೆ ತಂತಿಗಳು ಬೇಗ ಮಂಕಾಗುತ್ತವೆ. ಬೆವರು, ಕೊಳೆ ಸುತ್ತುಗಳ ಸಂದಿಯಲ್ಲಿ ಕೂತು ದನಿ ಸತ್ತುಹೋಗುತ್ತದೆ. ನಾನಾದರೆ ಹೊಸದನ್ನು ತರಿಸುತ್ತೇನೆ. ದಾಮಣ್ಣ ಬೇಯಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ತಂತಿಗಳನ್ನು ಬಿಚ್ಚಿ, ಸುರುಳಿ ಮಾಡಿ, ಕುದಿಯುವ ನೀರಿಗೆ ಬಿಟ್ಟು, ಮುಚ್ಚಳ ಹಾಕಿ ಒಲೆಯ ಪಕ್ಕದಲ್ಲೇ ಕಾಯುವುದು. ಆಮೇಲೆ ಬಟ್ಟೆಯಲ್ಲಿ ಒರೆಸಿ ಅಂಗಳದ ಹಗ್ಗದಲ್ಲಿ ಲುಂಗಿಗಳ ನಡುವೆ ಒಣಗಲು ಹಾಕುವುದು. ಹೀಗೆ ಬೇಯಿಸಿದರೆ ದನಿ ಮರಳಿ ಬರುತ್ತದೆ ಎನ್ನುವುದು ನಿಜವೇ. ಆದರೆ ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ತಂತಿಯ ಸೊಂಟ ಮುರಿಯುತ್ತದೆ ಎಂದರೆ ಅವರು ಕೇಳುತ್ತಿರಲಿಲ್ಲ. ‘ಹೊಸ ತಂತಿಗೆ ನನ್ನ ಬೆರಳು ಗುರ್ತ ಇಲ್ಲ ಮಾರಾಯ್ರೆ’ ಎನ್ನುತ್ತಿದ್ದರು. ಅವರ ಹೆಂಡತಿ ವಸಂತಕ್ಕ ಮಾತ್ರ, ‘ನಮ್ಮಲ್ಲಿ ಅನ್ನಕ್ಕಿಂತ ಹೆಚ್ಚು ಬೇಯುದು ಇವರ ತಂತಿ’ ಎಂದು ನನ್ನಲ್ಲಿ ದೂರು ಹೇಳುತ್ತಿದ್ದರು.

ಇಷ್ಟೆಲ್ಲ ಇದ್ದೂ ದಾಮಣ್ಣ ನಾಲ್ಕು ಜನರ ಮುಂದೆ ನುಡಿಸಿದವರಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನುಡಿಸಿದರೆ ಮುಗಿಯಿತು. ಕುಂಬಳೆಯ ಆರ್ಕೆಸ್ಟ್ರಾದವರು ಅಂಗಡಿಗೇ ಬಂದು ಕರೆದಿದ್ದರು. ಆಗ ಕೇಬಲ್ಲಿನಲ್ಲಿ ತೊಂದರೆ ಇತ್ತು. ಇನ್ನೊಮ್ಮೆ ಮಳೆ. ಮತ್ತೊಮ್ಮೆ ತಂತಿಯ ದನಿ ಹಿಡಿಯುವ ಪಿಕಪ್ ಸರಿಯಿರಲಿಲ್ಲ. ಯಾವ ತೊಂದರೆಯೂ ಸಿಗದಾಗ ಹೇಳಲು ಒಂದು ಮಾತು ಯಾವಾಗಲೂ ಸಿದ್ಧವಿತ್ತು: ‘ಮೊದಲು ತಂತಿ ಸರಿ ಆಗ್ಲಿ, ಆಮೇಲೆ ನೋಡುವ.’ ಅದು ಹೆದರಿಕೆಯೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾವು ಆ ಮಾತೆತ್ತದೆ ಬಂಗುಡೆಯ ಕಡೆಗೆ ಹೊರಳುತ್ತಿದ್ದೆವು.

ಹಿಡಿದು ಕೂರಿಸಿದವಳು ಮಗಳು ದೀಕ್ಷಾ. ಅವಳಿಗೆ ಮದುವೆ ಗೊತ್ತಾಯಿತು. ಹುಡುಗ ಶಾರ್ಜಾದಲ್ಲಿ, ಮದುವೆಯಾಗಿ ಅವಳೂ ಅಲ್ಲಿಗೇ. ಮದುವೆಯ ಹಿಂದಿನ ದಿನ ಮದರಂಗಿ ಶಾಸ್ತ್ರಕ್ಕೆ ಮನೆಯ ಅಂಗಳದಲ್ಲಿ ಹಾಡುಗಾರಿಕೆ ಎಂದು ತೀರ್ಮಾನವಾದಾಗ ಅವಳು ನನ್ನ ಎದುರಿಗೇ ಹೇಳಿದಳು: ‘ಪಪ್ಪ, ನನ್ನ ಪರೀಕ್ಷೆ ದಿನ ಎಲ್ಲ ನೀವು ಗೋಡೆಯ ಆಚೆ ನುಡಿಸಿದ್ದು. ಮದರಂಗಿಗೆ ಒಮ್ಮೆ ಗೋಡೆಯ ಈಚೆ ಬನ್ನಿ. ನನಗೆ ಬೇರೆ ಎಂತ ಬೇಡ.’ ದಾಮಣ್ಣನ ಬೆರಳುಗಳು ಆಗೊಮ್ಮೆ ಮಾತ್ರ ಲೋಟದ ಮೇಲೆ ಒಂದು ಗಳಿಗೆ ತಡೆದು ಮತ್ತೆ ನಡೆದವು. ‘ನೋಡುವ ಮಗಾ, ತಂತಿ...’ ಎಂದವರು ಅವಳ ಮುಖ ನೋಡಿ ಅರ್ಧದಲ್ಲಿ ನಿಲ್ಲಿಸಿದರು.

ಮದರಂಗಿಯ ದಿನ ಬೆಳಿಗ್ಗೆ, ಮನೆ ತುಂಬ ನೆಂಟರಿರುವಾಗ, ಅವರು ವಾಡಿಕೆಯಂತೆ ತಂತಿ ಬೇಯಲು ಇಟ್ಟು ಚಪ್ಪರದವರ ಜತೆ ಮಾತಾಡಲು ಹೊರಗೆ ಹೋದರು. ಕಾರಡ್ಕದಿಂದ ಬಂದಿದ್ದ ಅವರ ಅತ್ತಿಗೆ ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆ ಕಂಡು, ಮದುವೆಮನೆಯಲ್ಲಿ ಯಾರೋ ಏನೋ ಬೇಯಲಿಟ್ಟು ಮರೆತಿದ್ದಾರೆಂದುಕೊಂಡು, ಮುಚ್ಚಳ ಸರಿಸಿ ಒಂದು ಹಿಡಿ ಉಪ್ಪು ಹಾಕಿದರು. ಆಮೇಲೆ ಸೌಟು ಹಾಕಿ ತಿರುವಿದಾಗ ಸುರುಳಿಯೊಂದು ಮೇಲೆದ್ದು ಬಂತು. ಆಕೆ ಕಿರುಚಿದ್ದು ಚಪ್ಪರದವರೆಗೆ ಕೇಳಿತಂತೆ. ದಾಮಣ್ಣ ಓಡಿ ಬಂದು ಉಪ್ಪುನೀರಿನಿಂದ ತಂತಿಗಳನ್ನೆತ್ತಿ, ನಲ್ಲಿಯ ಕೆಳಗೆ ತೊಳೆದು ಒಣಗಲು ಹಾಕಿದರು.

ಸಂಜೆ ನಾನು ಹೋದಾಗ ಅವರು ಹೊಸ ಅಂಗಿ ತೊಟ್ಟು, ಕುಂಕುಮ ಬಣ್ಣದ ಬೇಸ್ ಹಿಡಿದು, ಹಾಡಲು ಬಂದ ತಂಡದ ಕೀಬೋರ್ಡಿನವರ ಹಿಂದೆ ನಿಂತು ಶ್ರುತಿ ಮಾಡುತ್ತಿದ್ದರು. ಎಲ್ಲಕ್ಕಿಂತ ದಪ್ಪದ ತಂತಿಯನ್ನು ಬಿಗಿಸುತ್ತಿದ್ದ ಹಾಗೆ ಅದು ಬಿರಡೆಯ ಬಳಿ ಠಳ್ಳೆಂದು ತುಂಡಾಯಿತು. ಅಷ್ಟು ಕಾಲ ಇಲ್ಲದ ನೆಪ ಹೇಳಿದವರಿಗೆ ಅಂದು ನಿಜವಾದ ನೆಪವೇ ಕೈಗೆ ಬಂದಿತ್ತು. ಇನ್ನು ಇವರು ಬೇಸ್ ಕೆಳಗಿಟ್ಟು ಬರುತ್ತಾರೆ ಎಂದುಕೊಂಡೆ. ಹತ್ತಿರ ಹೋಗಿ, ‘ನನ್ನದು ಕಾರಿನಲ್ಲಿ ಉಂಟು ದಾಮಣ್ಣ, ತರ್ತೇನೆ’ ಎಂದೆ. ಅವರು ಜೋತುಬಿದ್ದ ತಂತಿಯನ್ನು ನೋಡಿದರು. ಆಮೇಲೆ ಎರಡೂ ಕೈಗೆ ಮದರಂಗಿ ಹಚ್ಚಿಸಿಕೊಂಡು ಕೂತು ಇತ್ತಲೇ ನೋಡುತ್ತಿದ್ದ ಮಗಳನ್ನು ನೋಡಿದರು.

‘ಬೇಡ ಮಾಷ್ಟ್ರೇ’ ಎಂದರು. ‘ಬಾಕಿ ಮೂರು ಉಂಟಲ್ಲ.’

ನುಡಿಸಿದರು. ತಗ್ಗಿನ ಸ್ವರ ಬೇಕಾದಲ್ಲಿ ಮೇಲಿನದನ್ನೇ ಹಿಡಿದು, ಬೆವರುತ್ತ, ತಲೆ ಎತ್ತದೆ ನುಡಿಸಿದರು. ಮೊದಲ ಹಾಡಿನಲ್ಲಿ ಒಂದೆರಡು ಕಡೆ ತಪ್ಪಿತು. ನನ್ನ ಹೊರತು ಯಾರಿಗೂ ತಿಳಿಯಲಿಲ್ಲ. ಮೂರನೆಯ ಹಾಡಿಗೆ ಮಕ್ಕಳು ಕುಣಿಯುತ್ತಿದ್ದರು, ಕಾರಡ್ಕದ ಅತ್ತಿಗೆಯೂ. ವಸಂತಕ್ಕ ಪಾಯಸದ ತಟ್ಟೆ ಹಿಡಿದುಕೊಂಡು ನನ್ನ ಪಕ್ಕದಲ್ಲಿ ನಿಂತುಬಿಟ್ಟಿದ್ದರು. ‘ಇದು ಈ ಹಾಡಾ ಮಾಷ್ಟ್ರೇ?’ ಎಂದರು. ‘ಇಷ್ಟು ವರ್ಷ ಕೋಣೆಯಿಂದ ಬರೇ ಗುಂಯ್ ಗುಂಯ್ ಕೇಳ್ತಿತ್ತು. ಇದೊಂದು ಹಾಡು ಅಂತ ನನಗೆ ಗೊತ್ತೇ ಇರ್ಲಿಲ್ಲ.’ ಅವರ ಕಣ್ಣು ತುಂಬಿತ್ತು. ನನ್ನದೂ.

ತಂತಿ ತುಂಡಾದದ್ದು ಅತ್ತಿಗೆಯ ಉಪ್ಪಿನಿಂದ ಎಂದು ದಾಮಣ್ಣನ ವಾದ. ಒಂದು ಹಗಲಿನಲ್ಲಿ ಉಪ್ಪು ಅಷ್ಟು ಕೆಲಸ ಮಾಡುವುದಿಲ್ಲ, ಬೇಯಿಸಿ ಬೇಯಿಸಿಯೇ ಹೋದದ್ದು ಎಂದು ನನ್ನದು. ಅದು ಇನ್ನೂ ಇತ್ಯರ್ಥವಾಗಿಲ್ಲ.

ಈಗ ದಾಮಣ್ಣ, ವಸಂತಕ್ಕ ಇಬ್ಬರೂ ಶಾರ್ಜಾದಲ್ಲಿದ್ದಾರೆ, ದೀಕ್ಷಾಳ ಬಾಣಂತನಕ್ಕೆ. ಅಂಗಡಿಯನ್ನು ಅವರ ತಮ್ಮ ನೋಡಿಕೊಳ್ಳುತ್ತಾನೆ. ಅವನು ವಯರನ್ನು ಅರ್ಧಕ್ಕೆ ಬಿಡುವವನಲ್ಲ, ಅವನಲ್ಲಿ ಮಾತಿಲ್ಲ. ನನ್ನ ಶನಿವಾರಗಳು ಸಪ್ಪೆಯಾಗಿವೆ. ಕುಂಕುಮ ಬಣ್ಣದ ಬೇಸ್ ನನ್ನ ಮನೆಯಲ್ಲಿದೆ, ಮೂರೇ ತಂತಿಯಲ್ಲಿ. ನಾಲ್ಕನೆಯದನ್ನು ಬಂದು ತಾವೇ ಹಾಕುತ್ತಾರಂತೆ.

ಮೊನ್ನೆ ವಿಡಿಯೊ ಕಾಲ್ ಮಾಡಿದ್ದರು. ಮೊಮ್ಮಗಳು ಅವರ ಹೆಗಲ ಮೇಲೆ ಕವುಚಿ ಮಲಗಿದ್ದಳು. ಅವಳ ಪುಟ್ಟ ಬೆನ್ನಿನ ಮೇಲೆ ದಾಮಣ್ಣನ ಎಡಗೈ ಬೆರಳುಗಳು ಮೆಲ್ಲಗೆ ಹತ್ತಿ ಇಳಿಯುತ್ತಿದ್ದವು. ‘ಎಂತ ನುಡಿಸುದು ದಾಮಣ್ಣ?’ ಎಂದು ಕೇಳಿದೆ.

ಮಗು ಏಳಬಾರದೆಂದು ಪಿಸುಗುಟ್ಟಿದರು: ‘ಮದರಂಗಿ ದಿನದ್ದೇ ಮಾಷ್ಟ್ರೇ. ಇವಳಲ್ಲಿ ನಾಲ್ಕೂ ತಂತಿ ಉಂಟು.’